ವಾರಾಂತ್ಯದ ಕುಟುಂಬ ಪ್ರಯಾಣಕ್ಕೆ ಬಳಸಿದ ಐಷಾರಾಮಿ ಸೆಡಾನ್: ಹುಬ್ಬಳ್ಳಿ-ಧಾರವಾಡದಲ್ಲಿ ಕೊಳ್ಳುವವರಿಗೆ

ಹೊಸದಾಗಿದ್ದಾಗ ಕೋಟಿ ರೂಪಾಯಿ ಮುಟ್ಟಿದ್ದ ಮರ್ಸಿಡಿಸ್ ಎಸ್-ಕ್ಲಾಸ್, ಬಿಎಂಡಬ್ಲ್ಯು 7 ಸರಣಿ, ಔಡಿ ಎ8ರಂಥ ಕಾರುಗಳು ಹತ್ತು ವರ್ಷ ಕಳೆದ ಮೇಲೆ ಹೊಸ ಇನ್ನೋವಾದ ಬೆಲೆಗೆ, ಎಷ್ಟೋ ಸಲ ಅದಕ್ಕೂ ಕಡಿಮೆಗೆ ಮಾರಾಟಕ್ಕೆ ಬರುತ್ತವೆ. ಈ ಬೆಲೆ ಕಂಡು ಮನಸ್ಸು ಹರಿಯುವುದು ಸಹಜ. ಆದರೆ ಕೊಳ್ಳುವ ಮುನ್ನ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು: ಕಾರಿನ ಬೆಲೆ ಇಳಿದಿದೆಯೇ ಹೊರತು ಅದರ ಬಿಡಿಭಾಗಗಳ ಬೆಲೆ ಇಳಿದಿಲ್ಲ. ಇಪ್ಪತ್ತು ಲಕ್ಷಕ್ಕೆ ಕೊಂಡ ಕಾರಿಗೂ ಕೋಟಿ ರೂಪಾಯಿಯ ಕಾರಿನ ಕಂಪ್ರೆಸರ್, ಕೋಟಿ ರೂಪಾಯಿಯ ಕಾರಿನ ಹೆಡ್‌ಲೈಟ್, ಕೋಟಿ ರೂಪಾಯಿಯ ಕಾರಿನ ಟೈರುಗಳೇ ಬೇಕು. ಆದ್ದರಿಂದ ನಾವು ಕೊಳ್ಳುವುದು ಲಾಂಛನವನ್ನಲ್ಲ, ಹಿಂದಿನ ಮಾಲೀಕ ಕೊನೆಯ ನಾಲ್ಕೈದು ವರ್ಷ ಅದಕ್ಕೆ ಮಾಡಿದ ಆರೈಕೆಯನ್ನು. ಆ ಆರೈಕೆಯ ಕಾಗದಪತ್ರ ಇಲ್ಲದ ಕಾರು ಎಷ್ಟೇ ಹೊಳೆಯುತ್ತಿದ್ದರೂ, ಎಷ್ಟೇ ಅಗ್ಗವಾಗಿದ್ದರೂ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ಭಾಗದಲ್ಲಿ ಇಂಥ ಕಾರಿನ ಉಪಯೋಗ ಬಹುತೇಕ ಶನಿವಾರ-ಭಾನುವಾರಕ್ಕೆ ಸೀಮಿತ. ವಾರವಿಡೀ ಗೋಕುಲ ರಸ್ತೆಗೋ ಕೋರ್ಟ್ ಸರ್ಕಲ್‌ಗೋ ಸಣ್ಣ ಕಾರು ಅಥವಾ ದ್ವಿಚಕ್ರ ವಾಹನ ಸಾಕಾಗುತ್ತದೆ. ರಜೆ ಬಂದಾಗ ಅಪ್ಪ-ಅವ್ವ, ಮಕ್ಕಳನ್ನು ಕೂರಿಸಿಕೊಂಡು ಲಕ್ಕುಂಡಿಗೆ, ಬಾದಾಮಿಗೆ, ಬನವಾಸಿಗೆ, ದಾಂಡೇಲಿಗೆ, ಯಲ್ಲಾಪುರದ ಘಟ್ಟ ಇಳಿದು ಗೋಕರ್ಣಕ್ಕೆ ಹೋಗಿಬರುವಾಗ ಉದ್ದ ವ್ಹೀಲ್‌ಬೇಸ್‌ನ, ಎಂದರೆ ಮುಂದಿನ-ಹಿಂದಿನ ಚಕ್ರಗಳ ನಡುವೆ ಹೆಚ್ಚು ಅಂತರವಿರುವ ಸೆಡಾನಿನ ಹಿಂದಿನ ಸೀಟು ಕೊಡುವ ಸುಖವನ್ನು ಎತ್ತರದ ಎಸ್‌ಯುವಿ ಕೊಡಲಾರದು. ತಿರುವುಗಳಲ್ಲಿ ದೇಹ ತೂಗಾಡುವುದಿಲ್ಲ, ಮಕ್ಕಳಿಗೆ ವಾಂತಿಯ ಬಾಧೆ ಕಡಿಮೆಯಾಗುತ್ತದೆ, ಒಳಗೆ ಮೆಲ್ಲಗೆ ಆಡಿದ ಮಾತೂ ಕೇಳಿಸುತ್ತದೆ.

ಮೊದಲು ಮನೆಯನ್ನೂ ಮನೆಯವರನ್ನೂ ಅಳೆಯಿರಿ

2013ರಿಂದ 2020ರವರೆಗೆ ತಯಾರಾದ ಉದ್ದ ಮಾದರಿಯ ಎಸ್-ಕ್ಲಾಸ್ ಸುಮಾರು 5.25 ಮೀಟರ್ ಉದ್ದವಿದೆ. ಅದೇ ಕಾಲದ ಎ8 ಎಲ್ ಮತ್ತು 7 ಸರಣಿಯ ಉದ್ದ ಮಾದರಿಗಳೂ ಐದು ಮೀಟರನ್ನು ಚೆನ್ನಾಗಿಯೇ ದಾಟುತ್ತವೆ. ಮಾಳಮಡ್ಡಿಯ ಹಳೆಯ ಮನೆಗಳ ಗೇಟು, ವಿದ್ಯಾನಗರದ ಅಪಾರ್ಟ್‌ಮೆಂಟುಗಳ ಕಂಬಗಳ ನಡುವಿನ ಜಾಗ ಇವುಗಳಿಗಾಗಿ ಕಟ್ಟಿದ್ದಲ್ಲ. ಟೇಪು ಹಿಡಿದು ಉದ್ದ ಅಳೆದರೆ ಸಾಲದು. ಗೇಟಿನೊಳಗೆ ತಿರುಗುವ ಕೋನವನ್ನೂ, ರಸ್ತೆಯಿಂದ ಅಂಗಳಕ್ಕೆ ಏರುವ ಇಳಿಜಾರನ್ನೂ ನೋಡಬೇಕು. ಚಕ್ರಗಳ ನಡುವಿನ ಅಂತರ ಮೂರು ಮೀಟರಿಗಿಂತ ಹೆಚ್ಚಿರುವುದರಿಂದ, ಇಳಿಜಾರು ಕಡಿದಾಗಿದ್ದರೆ ಕಾರಿನ ನಡುಹೊಟ್ಟೆ ನೆಲಕ್ಕೆ ಉಜ್ಜುತ್ತದೆ.

ಭಾರತದಲ್ಲಿ ಇಂಥ ಕಾರುಗಳನ್ನು ಹೆಚ್ಚಾಗಿ ಚಾಲಕನನ್ನಿಟ್ಟುಕೊಂಡ ಉದ್ಯಮಿಗಳು ಕೊಂಡಿದ್ದಾರೆ. ಆ ಕಾರಣದಿಂದ ಅನೇಕ ಕಾರುಗಳ ಹಿಂಭಾಗದಲ್ಲಿ ಎರಡೇ ಪ್ರತ್ಯೇಕ ಆಸನಗಳಿದ್ದು, ನಡುವೆ ದೊಡ್ಡ ಕನ್ಸೋಲ್ ಇರುತ್ತದೆ. ಐದು ಜನರ ಕುಟುಂಬಕ್ಕೆ ಅಂಥ ಕಾರು ಬರುವುದಿಲ್ಲ. ಜಾಹೀರಾತಿನ ಚಿತ್ರದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಮೊದಲೇ ಕೇಳಿಬಿಡಿ. ಮಗುವಿನ ಆಸನಕ್ಕೆ ಬೇಕಾದ ಐಸೊಫಿಕ್ಸ್ ಕೊಂಡಿಗಳು ಹಿಂದಿನ ಸೀಟಿನಲ್ಲಿವೆಯೇ ಎಂದು ಕೈಹಾಕಿ ನೋಡಿ. ಡಿಕ್ಕಿಯನ್ನೂ ತೆರೆಯಿರಿ, ಹೆಚ್ಚುವರಿ ಚಕ್ರವನ್ನು ನೆಲದ ಮೇಲೆಯೇ ಇಟ್ಟಿದ್ದರೆ ಎರಡು ಸೂಟ್‌ಕೇಸಿಗೂ ಜಾಗ ಉಳಿಯುವುದಿಲ್ಲ. ಮೊಣಕಾಲು ನೋವಿರುವ ಹಿರಿಯರು ಮನೆಯಲ್ಲಿದ್ದರೆ ಕಾರು ನೋಡಲು ಅವರನ್ನೂ ಕರೆದೊಯ್ಯಿರಿ. ಸೆಡಾನಿನ ಸೀಟು ತಗ್ಗು. ಕೂತ ಮೇಲೆ ಎಷ್ಟೇ ಸುಖವಿದ್ದರೂ ಏಳಲು ಅವರಿಗೆ ಪ್ರತಿ ಸಲ ಕಷ್ಟವಾಗುವುದಾದರೆ ಈ ಖರ್ಚಿನ ಉದ್ದೇಶವೇ ನೆರವೇರುವುದಿಲ್ಲ.

ಪೆಟ್ರೋಲೋ ಡೀಸೆಲೋ

ಮಾರುಕಟ್ಟೆಯಲ್ಲಿ ಸಿಗುವುದು ಬಹುಪಾಲು ಡೀಸೆಲ್ ಕಾರುಗಳೇ. ವರ್ಷಕ್ಕೆ ಐದಾರು ಸಾವಿರ ಕಿಲೋಮೀಟರ್ ಓಡಿಸುವ ಕುಟುಂಬಕ್ಕೆ ಡೀಸೆಲಿನಿಂದಾಗುವ ಉಳಿತಾಯ ದೊಡ್ಡದಲ್ಲ. ಅದರ ಜೊತೆ ಬರುವ ಡಿಪಿಎಫ್ ಎಂಬ ಮಸಿ ಸೋಸುವ ಫಿಲ್ಟರ್ ಮಾತ್ರ ವಾರಾಂತ್ಯದ ಬಳಕೆಗೆ ಹೊಂದುವುದು ಕಷ್ಟ. ಎಂಜಿನ್ ಬಿಸಿಯಾಗಿ ಒಂದೇ ವೇಗದಲ್ಲಿ ಇಪ್ಪತ್ತು-ಮೂವತ್ತು ನಿಮಿಷ ಓಡಿದರೆ ಮಾತ್ರ ಫಿಲ್ಟರಿನಲ್ಲಿ ತುಂಬಿದ ಮಸಿ ಸುಟ್ಟುಹೋಗುತ್ತದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸಿಗ್ನಲ್‌ಗಳಲ್ಲಿ ನಿಂತು ಹೋಗುವ ಇಪ್ಪತ್ತು ಕಿಲೋಮೀಟರಿನಲ್ಲಿ ಅದು ಆಗದು. ಡೀಸೆಲನ್ನೇ ಕೊಳ್ಳುವುದಾದರೆ ತಿಂಗಳಿಗೆ ಒಂದೆರಡು ಬಾರಿಯಾದರೂ ಕಿತ್ತೂರಿನ ಕಡೆಗೋ ಹಾವೇರಿಯ ಕಡೆಗೋ ಹೆದ್ದಾರಿಯಲ್ಲಿ ಒಂದು ತಾಸು ಓಡಿಸುವ ಸಂಕಲ್ಪವಿರಬೇಕು.

ಎಂಜಿನ್‌ಗಳ ಹೆಸರನ್ನು ತಿಳಿದುಕೊಂಡು ಹೋಗುವುದು ಒಳ್ಳೆಯದು. ಎಸ್ 350 ಡೀಸೆಲ್ ಕಾರುಗಳಲ್ಲಿರುವ ಓಎಂ642 ಎಂಬ ವಿ6 (ಆರು ಸಿಲಿಂಡರಿನ) ಎಂಜಿನ್ ಗಟ್ಟಿಮುಟ್ಟಾದದ್ದೇ. ಆದರೆ ಅದರ ಆಯಿಲ್ ಕೂಲರಿನ ಸೀಲುಗಳು ವಯಸ್ಸಾದಂತೆ ಸೋರುವುದು ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತಿರುವ ವಿಷಯ. ಸೀಲು ಅಗ್ಗ, ಅಲ್ಲಿಗೆ ಕೈ ತಲುಪಿಸಲು ಬಿಚ್ಚಬೇಕಾದ ಭಾಗಗಳು ಅನೇಕ, ಹೀಗಾಗಿ ಕೂಲಿಯೇ ದುಬಾರಿ. ಬಿಎಂಡಬ್ಲ್ಯು 730 ಎಲ್‌ಡಿಯ ಎನ್57 ಡೀಸೆಲ್ ಎಂಜಿನ್ನಿನಲ್ಲಿ, ಒಳಭಾಗಗಳನ್ನು ಹೊಂದಿಸಿ ತಿರುಗಿಸುವ ಟೈಮಿಂಗ್ ಚೈನ್ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಇರುವ ಕಡೆ ಇದೆ. ತಣ್ಣಗಿರುವಾಗ ಅಲ್ಲಿಂದ ಗಿರಗಿರ ಸದ್ದು ಬಂದರೆ ಆ ಕಾರನ್ನು ಬಿಟ್ಟುಬಿಡಿ, ಏಕೆಂದರೆ ಚೈನ್ ಬದಲಿಸಲು ಗೇರ್‌ಬಾಕ್ಸನ್ನೋ ಇಡೀ ಎಂಜಿನ್ನನ್ನೋ ಇಳಿಸಬೇಕಾಗುತ್ತದೆ. ಬಿಎಂಡಬ್ಲ್ಯು 750 ಎಲ್‌ಐಯ ಎನ್63 ಎಂಬ ವಿ8 ಪೆಟ್ರೋಲ್ ಎಂಜಿನ್ನಿನಲ್ಲಿ, ಗಾಳಿಯನ್ನು ಒತ್ತಿ ತುಂಬುವ ಟರ್ಬೊಗಳು ಎರಡು ಸಿಲಿಂಡರ್ ಸಾಲುಗಳ ನಡುವೆಯೇ ಇರುವುದರಿಂದ ಶಾಖ ಒಳಗೇ ಉಳಿದು ಸೀಲುಗಳು ಬೇಗ ಗಟ್ಟಿಯಾಗುತ್ತವೆ. ಇದರ ಆರಂಭಿಕ ಮಾದರಿಗಳು ಆಯಿಲ್ ಕುಡಿಯುವುದಕ್ಕೆ ಹೆಸರಾಗಿವೆ. ನನ್ನನ್ನು ಕೇಳಿದರೆ ವಾರಾಂತ್ಯದ ಕುಟುಂಬಕ್ಕೆ ಆರು ಸಿಲಿಂಡರಿನ ಪೆಟ್ರೋಲ್ ಮಾದರಿಯೇ, ಎಂದರೆ ಎಸ್ 400 ಅಥವಾ 740 ಎಲ್‌ಐಯಂಥದ್ದೇ ಸರಿಯಾದ ಆಯ್ಕೆ. ಹುಡುಕಲು ಕೆಲವು ತಿಂಗಳು ಹೆಚ್ಚು ಹಿಡಿದರೂ ಚಿಂತೆಯಿಲ್ಲ. ಪೆಟ್ರೋಲ್ ಕಾರಿನಲ್ಲಿ ಇಂಧನದ ಮುಚ್ಚಳದ ಒಳಬದಿಯನ್ನೂ ಕೈಪಿಡಿಯನ್ನೂ ನೋಡಿ, ಎಷ್ಟು ಪ್ರಮಾಣದ ಎಥೆನಾಲ್‌ಗೆ ಅನುಮತಿಯಿದೆ ಎಂದು ಓದಿಕೊಳ್ಳಿ. ಈಗ ಪಂಪುಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲ್ ಶೇ 20ರಷ್ಟು ಎಥೆನಾಲ್ ಬೆರೆತದ್ದು, ಹಳೆಯ ಕಾರುಗಳಲ್ಲಿ ಅನೇಕವು ಶೇ 10ರವರೆಗೆ ಮಾತ್ರ ಒಪ್ಪಿಗೆ ಪಡೆದವು.

ಎಲ್ಲಿಂದ ತರುವುದು

ಹುಬ್ಬಳ್ಳಿಯಲ್ಲೇ ಇಂಥ ಕಾರು ಮಾರಾಟಕ್ಕೆ ಬರುವುದು ಅಪರೂಪ. 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ನಾವು ಬೆಂಗಳೂರಿಗೂ ಪುಣೆಗೂ ನಡುವೆ ಇರುವುದು ಇಲ್ಲಿ ಅನುಕೂಲಕ್ಕೆ ಬರುತ್ತದೆ. ಎರಡೂ ಊರುಗಳಿಗೆ ಹೆಚ್ಚುಕಡಿಮೆ ಒಂದೇ ದೂರ, ಎರಡೂ ಕಡೆ ಆಯ್ಕೆಗೆ ಕೊರತೆಯಿಲ್ಲ. ಆದರೆ ಪುಣೆ, ಮುಂಬೈ, ದೆಹಲಿಯ ಕಾರು ಕಡಿಮೆ ಬೆಲೆಗೆ ಸಿಕ್ಕಿತೆಂದು ಹಿಗ್ಗುವ ಮೊದಲು ತೆರಿಗೆಯ ಲೆಕ್ಕ ಹಾಕಬೇಕು. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ಮೀರಿದ ಹೊಸ ಪೆಟ್ರೋಲ್ ಅಥವಾ ಡೀಸೆಲ್ ಕಾರಿಗೆ ಜೀವಾವಧಿ ತೆರಿಗೆ ಶೇ 18, ಅದರ ಮೇಲೆ ಉಪಕರ ಬೇರೆ. ಹೊರರಾಜ್ಯದ ಹಳೆಯ ಕಾರಿಗೆ ವಯಸ್ಸಿಗೆ ತಕ್ಕಂತೆ ಈ ಪ್ರಮಾಣ ಇಳಿಯುತ್ತದೆ. ಲೆಕ್ಕಕ್ಕೆ ಹಿಡಿಯುವುದು ಮಾತ್ರ ಕಾರಿನ ಮೂಲ ಬೆಲೆಯನ್ನೇ, ನೀವು ಕೊಟ್ಟ ಹಣವನ್ನಲ್ಲ. ಕೋಟಿ ರೂಪಾಯಿಯ ಕಾರಿಗೆ ಇಳಿದ ಪ್ರಮಾಣದಲ್ಲೂ ತೆರಿಗೆ ಲಕ್ಷಗಳಲ್ಲಿರುತ್ತದೆ. ಮೂಲ ಇನ್‌ವಾಯ್ಸಿನ ಪ್ರತಿ ಮತ್ತು ನೋಂದಣಿ ದಿನಾಂಕ ಹಿಡಿದುಕೊಂಡು ಧಾರವಾಡದ ಕೆಎ-25 ಅಥವಾ ಹುಬ್ಬಳ್ಳಿಯ ಕೆಎ-63 ಸಾರಿಗೆ ಕಚೇರಿಗೆ (ಆರ್‌ಟಿಒ) ಹೋಗಿ, ಮುಂಗಡ ಕೊಡುವ ಮೊದಲೇ ಮೊತ್ತವನ್ನು ಕೇಳಿಕೊಳ್ಳಿ. ಗದಗಿನವರಿಗೆ ಕೆಎ-26, ಹಾವೇರಿಯವರಿಗೆ ಕೆಎ-27. ಈ ಲೆಕ್ಕ ಮಾಡಿದಾಗ ಬೆಂಗಳೂರಿನ ಕೆಎ ನೋಂದಣಿಯ ಕಾರು ಮೂರ್ನಾಲ್ಕು ಲಕ್ಷ ಹೆಚ್ಚು ಬೆಲೆಯದ್ದಾದರೂ ಕೊನೆಗೆ ಅಗ್ಗವಾಗಿ ತೋರುವುದುಂಟು.

ಹೊರರಾಜ್ಯದ ನೋಂದಣಿಯಲ್ಲೇ ಕಾರನ್ನು ವರ್ಷಗಟ್ಟಲೆ ಓಡಿಸುವ ಸಲಹೆಯನ್ನು ಯಾರಾದರೂ ಕೊಟ್ಟರೆ ಕಿವಿಗೊಡಬೇಡಿ. ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ 12 ತಿಂಗಳು ಮೀರಿ ಇನ್ನೊಂದು ರಾಜ್ಯದಲ್ಲಿ ಉಳಿಯುವ ವಾಹನಕ್ಕೆ ಅಲ್ಲಿನ ಹೊಸ ನೋಂದಣಿ ಸಂಖ್ಯೆ ಪಡೆಯಲೇಬೇಕು. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲೆ ಹಸಿರು ನ್ಯಾಯಮಂಡಳಿ 2015ರಲ್ಲಿ ನಿರ್ಬಂಧ ಹೇರಿ, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದ ಮೇಲೆ ಅಲ್ಲಿಂದ ದಕ್ಷಿಣಕ್ಕೆ ಅಗ್ಗದ ಡೀಸೆಲ್ ಕಾರುಗಳು ಬಂದಿವೆ. ಅವುಗಳ ಅಗ್ಗಕ್ಕೆ ಕಾರಣ ಕಾರಿನ ಗುಣವಲ್ಲ, ಆ ನಿರ್ಬಂಧ; ಆದರೂ ಅಲ್ಲಿನ ಆರ್‌ಟಿಒದ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಕೈಗೆ ಬರುವವರೆಗೆ ಪೂರ್ಣ ಹಣ ಕೊಡಬಾರದು.

ಪರೀಕ್ಷೆ

ಮೊದಲ ಪರೀಕ್ಷೆ ಕಾರಿನ ಹತ್ತಿರ ಹೋಗುವ ಮೊದಲೇ ಆಗಬೇಕು. ಚಾಸಿಸ್ ಸಂಖ್ಯೆಯ ಹದಿನೇಳು ಅಕ್ಷರಗಳನ್ನು ಪಡೆದು, ಅಧಿಕೃತ ಸೇವಾ ಕೇಂದ್ರದಲ್ಲಿನ ದಾಖಲೆಯ ಪ್ರತಿಯನ್ನು ಮಾಲೀಕರ ಮೂಲಕವೇ ತರಿಸಿಕೊಳ್ಳಿ. ಪ್ರತಿ ಭೇಟಿಯ ದಿನಾಂಕ ಮತ್ತು ಓಡಿದ ಕಿಲೋಮೀಟರ್ ಸಾಲಾಗಿ ಏರುತ್ತ ಹೋಗಿವೆಯೇ, ನಡುವೆ ಎರಡು ವರ್ಷದ ಖಾಲಿ ಜಾಗವಿದೆಯೇ, ಸಲಹೆ ಮಾಡಿದ ಕೆಲಸಗಳನ್ನು ಮಾಲೀಕರು ಮಾಡಿಸಿದರೋ ಮುಂದೂಡಿದರೋ ಎಂಬುದೆಲ್ಲ ಅದರಲ್ಲಿ ಕಾಣುತ್ತದೆ. ಮುಂದೂಡಿದ ಕೆಲಸಗಳ ಪಟ್ಟಿಯೇ ನಿಮ್ಮ ಮುಂದಿನ ಖರ್ಚಿನ ಪಟ್ಟಿ.

ಕಾರನ್ನು ನೋಡಲು ಬೆಳಿಗ್ಗೆ ಹೋಗಿ, ಸ್ಟಾರ್ಟ್ ಮಾಡಿಡಬೇಡಿರೆಂದು ಮೊದಲೇ ಹೇಳಿರಿ. ಹೋದೊಡನೆ ಬಾನೆಟ್ಟಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ನಿಮಗಿಂತ ಮೊದಲೇ ಯಾರೋ ಅದನ್ನು ಓಡಿಸಿದ್ದಾರೆ, ಆಗ ಇನ್ನೊಂದು ದಿನ ಬರುವುದೇ ಸರಿ. ತಣ್ಣಗಿರುವ ಎಂಜಿನ್ ಮಾತ್ರ ತನ್ನ ಸದ್ದು, ಹೊಗೆ, ನಡುಕವನ್ನು ಮುಚ್ಚಿಡದೆ ತೋರಿಸುತ್ತದೆ.

ಇನ್ನು ಏರ್ ಸಸ್ಪೆನ್ಶನ್. ಈ ದರ್ಜೆಯ ಕಾರುಗಳಲ್ಲಿ ಹೆಚ್ಚಿನವು ಉಕ್ಕಿನ ಸ್ಪ್ರಿಂಗ್‌ಗಳ ಮೇಲಲ್ಲ, ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ ನಿಂತಿರುತ್ತವೆ. ಎಸ್-ಕ್ಲಾಸ್, ಎ8ಗಳಲ್ಲಿ ನಾಲ್ಕೂ ಚಕ್ರಗಳಿಗೆ, 2008-2015ರ 7 ಸರಣಿಯ ಉದ್ದ ಮಾದರಿಯಲ್ಲಿ ಹಿಂದಿನ ಚಕ್ರಗಳಿಗೆ. ವರ್ಷಗಳ ಶಾಖ, ಧೂಳು, ಎರೆಮಣ್ಣಿನ ಕೆಸರಿಗೆ ರಬ್ಬರ್ ಬಿರುಕು ಬಿಡುತ್ತದೆ. ಸಣ್ಣಗೆ ಗಾಳಿ ಸೋರತೊಡಗಿದಾಗ ಕಂಪ್ರೆಸರ್ ಆ ನಷ್ಟ ತುಂಬಲು ಮತ್ತೆ ಮತ್ತೆ ಓಡಿ, ಕೊನೆಗೆ ತಾನೇ ಸುಟ್ಟುಹೋಗುತ್ತದೆ. ಹೀಗೆ ಒಂದು ಚೀಲದ ಖರ್ಚು ಚೀಲ ಮತ್ತು ಕಂಪ್ರೆಸರ್ ಎರಡರ ಖರ್ಚಾಗುತ್ತದೆ. ಇದನ್ನು ನಾನು ಓದಿ ಕಲಿತದ್ದಲ್ಲ. ಗೋಕರ್ಣದಿಂದ ಮರಳುವಾಗ ಅರಬೈಲು ಘಟ್ಟ ಹತ್ತಿ ಯಲ್ಲಾಪುರ ಸೇರುವಷ್ಟರಲ್ಲಿ ನಮ್ಮ ಕಾರಿನ ಮುಂದಿನ ಎಡಮೂಲೆ ಕುಸಿದು, ಚಕ್ರ ಮಡ್‌ಗಾರ್ಡಿಗೆ ತಾಗತೊಡಗಿತು. ಅಂಥ ಕಾರನ್ನು ಕೊಕ್ಕೆ ಹಾಕಿ ಎಳೆಯುವಂತಿಲ್ಲ, ಚಪ್ಪಟೆ ಹಾಸಿನ ಲಾರಿಯೇ ಬೇಕು. ಅದು ಹುಬ್ಬಳ್ಳಿಯಿಂದ ಬರುವವರೆಗೆ ಅವ್ವನನ್ನೂ ಎರಡು ಮಕ್ಕಳನ್ನೂ ಕೂರಿಸಿಕೊಂಡು ರಾತ್ರಿ ಹತ್ತರವರೆಗೆ ಕಾದಿದ್ದೇವೆ. ಕೊಳ್ಳುವ ಮುನ್ನ ಒಂದು ರಾತ್ರಿ ಕಾದು ಪರೀಕ್ಷಿಸುವ ತಾಳ್ಮೆ ತೋರಿದ್ದರೆ ಆ ರಾತ್ರಿ ತಪ್ಪುತ್ತಿತ್ತು.

ಪರೀಕ್ಷಿಸುವ ಬಗೆ ಸರಳ. ಸಂಜೆ ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಪ್ರತಿ ಚಕ್ರದ ನಡುಬಿಂದುವಿನಿಂದ ಮೇಲಿನ ಕಮಾನಿನ ಅಂಚಿನವರೆಗೆ ಅಳತೆ ಬರೆದುಕೊಳ್ಳಿ. ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಮತ್ತೆ ಅಳೆಯಿರಿ. ಒಂದು ಮೂಲೆ ಮಾತ್ರ ಎದ್ದುಕಾಣುವಂತೆ ತಗ್ಗಿದ್ದರೆ ಅಲ್ಲಿ ಸೋರಿಕೆಯಿದೆ. ಬಳಿಕ ಸ್ಟಾರ್ಟ್ ಮಾಡಿ, ಎತ್ತರಿಸುವ ಗುಂಡಿ ಒತ್ತಿ, ಕಾರು ಎಷ್ಟು ಹೊತ್ತಿನಲ್ಲಿ ಏರುತ್ತದೆ, ಕಂಪ್ರೆಸರ್ ಎಷ್ಟು ಹೊತ್ತು ಗುಂಯ್‌ಗುಡುತ್ತದೆ ಎಂದು ಕೇಳಿಸಿಕೊಳ್ಳಿ. ಮಾರಾಟಗಾರರು ರಾತ್ರಿ ನಿಲ್ಲಿಸಲು ಒಪ್ಪದಿದ್ದರೆ ನಾಲ್ಕೈದು ತಾಸಾದರೂ ನಿಲ್ಲಿಸಿ ಅಳೆಯಿರಿ. ಅದಕ್ಕೂ ಒಪ್ಪದವರಿಂದ ಕೊಳ್ಳಬೇಡಿ.

ಗೇರ್‌ಬಾಕ್ಸಿನ ಬಗ್ಗೆ ಒಂದು ತಪ್ಪು ನಂಬಿಕೆಯಿದೆ. 'ಜೀವಮಾನಕ್ಕೆ ಒಂದೇ ಆಯಿಲ್, ಬದಲಿಸುವುದೇ ಬೇಡ' ಎನ್ನುವ ಮಾತನ್ನು ಅನೇಕ ಮಾರಾಟಗಾರರು ಹೇಳುತ್ತಾರೆ. ಆದರೆ ಬಿಎಂಡಬ್ಲ್ಯುಗೂ ಔಡಿಗೂ ಎಂಟು ಗೇರಿನ ಪೆಟ್ಟಿಗೆಯನ್ನು ತಯಾರಿಸಿಕೊಡುವ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿಗೆ ಅಥವಾ ಎಂಟು ವರ್ಷಕ್ಕೆ ಆಯಿಲ್ ಬದಲಿಸಲು ಹೇಳುತ್ತದೆ. ಬದಲಿಸಿದ ಬಿಲ್ಲು ಇಲ್ಲದಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಓಡಿಸುವಾಗ ನಿಧಾನಗತಿಯಲ್ಲಿ ಎರಡರಿಂದ ಒಂದಕ್ಕೆ ಇಳಿಯುವಾಗಿನ ಜಗ್ಗಾಟವನ್ನು ಗಮನಿಸಿ.

ವಿದ್ಯುನ್ಮಾನ ಭಾಗಗಳ ತಪಾಸಣೆಗೆ ರಸ್ತೆಬದಿಯ ಸಾಮಾನ್ಯ ಸ್ಕ್ಯಾನರ್ ಸಾಲದು; ಅದು ಎಂಜಿನ್ನಿನ ದೋಷಗಳನ್ನಷ್ಟೇ ಓದುತ್ತದೆ. ಮರ್ಸಿಡಿಸ್‌ಗೆ ಎಕ್ಸೆಂಟ್ರಿ, ಬಿಎಂಡಬ್ಲ್ಯುಗೆ ಇಸ್ಟಾ, ಔಡಿಗೆ ಓಡಿಸ್ ಎಂಬ ತಂತ್ರಾಂಶವಿರುವ ಗ್ಯಾರೇಜಿಗೆ ಒಯ್ದು ಎಲ್ಲ ಘಟಕಗಳನ್ನೂ ಓದಿಸಿ. ಮೀಟರ್ ತಿರುಗಿಸಿದ್ದರೆ ಅದರ ಸುಳಿವು ಸಿಗುವುದೂ ಅಲ್ಲೇ, ಏಕೆಂದರೆ ಓಡಿದ ದೂರವನ್ನು ಗೇರ್‌ಬಾಕ್ಸ್, ಕೀಲಿಯಂಥ ಬೇರೆ ಘಟಕಗಳೂ ತಮ್ಮಲ್ಲಿ ಬರೆದಿಟ್ಟುಕೊಂಡಿರುತ್ತವೆ. ದೋಷಗಳೇ ಇಲ್ಲದೆ ಎಲ್ಲವೂ ಹಿಂದಿನ ದಿನವಷ್ಟೇ ಅಳಿಸಿದಂತೆ ಕಂಡರೆ ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಓದಿಸಿ.

ಕರಾವಳಿ ಅಥವಾ ಮಹಾನಗರದಿಂದ ಬಂದ ಕಾರಿಗೆ ನೆರೆನೀರು ಹೊಕ್ಕಿದೆಯೇ ಎಂದು ನೋಡುವುದು ಕಡ್ಡಾಯ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ನೀರು ಹೊಕ್ಕಿದ್ದರೆ ಕೆಳತುದಿಯಲ್ಲಿ ಕೆಸರಿನ ಗೆರೆ ಇರುತ್ತದೆ. ಸೀಟಿನ ಬೋಲ್ಟುಗಳ ತುಕ್ಕು, ಕಾರ್ಪೆಟ್ ಅಡಿಯ ಸ್ಪಂಜಿನ ತೇವ, ಡಿಕ್ಕಿಯ ಬ್ಯಾಟರಿ ಗುಂಡಿಯ ಮಣ್ಣು ನೋಡಿ. ನೀರು ಹೊಕ್ಕ ಕಾರಿನ ವೈರಿಂಗ್ ಹಸಿರುಗಟ್ಟುತ್ತ ವರ್ಷಗಟ್ಟಲೆ ಕಾಡುತ್ತದೆ, ಅದಕ್ಕೆ ಪೂರ್ಣ ಪರಿಹಾರವೆಂಬುದಿಲ್ಲ. ಟೈರಿನ ಪಕ್ಕದ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. ನಾಲ್ಕು ಟೈರು ನಾಲ್ಕು ಕಂಪನಿಯವಾಗಿದ್ದರೆ ಕಣ್ಣಿಗೆ ಕಾಣದ ಕಡೆಯೂ ಮಾಲೀಕರು ಹಾಗೆಯೇ ಹಣ ಉಳಿಸಿದ್ದಾರೆಂದು ತಿಳಿಯಬೇಕು.

ಹಣ ಮತ್ತು ಕಾಗದ

ಕೈಯಲ್ಲಿರುವ ಹಣವನ್ನೆಲ್ಲ ಕಾರಿಗೇ ಸುರಿಯಬೇಡಿ. ಬೆಲೆಯ ನಾಲ್ಕನೇ ಒಂದು ಭಾಗವನ್ನು ಮೊದಲ ವರ್ಷದ ದುರಸ್ತಿಗೆಂದು ಬೇರೆ ಖಾತೆಯಲ್ಲಿ ಇಡಿ. ಇಪ್ಪತ್ತು ಲಕ್ಷವಿದ್ದರೆ ಹದಿನಾರು ಲಕ್ಷದ ಕಾರು ನೋಡಿ. ನಾಲ್ಕು ಟೈರು ಬದಲಿಸಿದರೇ ಲಕ್ಷ ದಾಟುವ ಕಾರುಗಳಿವು. ಸಾಲ ಮಾಡಿ ಇಂಥ ಕಾರು ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಕಂತೂ ದುರಸ್ತಿಯೂ ಒಂದೇ ತಿಂಗಳಲ್ಲಿ ಎದುರಾದರೆ ಕಾರು ಗ್ಯಾರೇಜಿನಲ್ಲೇ ಉಳಿಯುತ್ತದೆ.

ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ; 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ. ವರ್ಗಾವಣೆಗೆ ನಮೂನೆ 29 ಮತ್ತು 30, ಸಾಲ ತೀರಿದ್ದಕ್ಕೆ ಬ್ಯಾಂಕಿನ ಪತ್ರದೊಂದಿಗೆ ನಮೂನೆ 35, ಹೊರರಾಜ್ಯದ್ದಾದರೆ ನಿರಾಕ್ಷೇಪಣೆಗೆ ನಮೂನೆ 28 ಬೇಕು. ಕಾರು ಕಂಪನಿಯ ಹೆಸರಿನಲ್ಲಿದ್ದರೆ, ಈ ದರ್ಜೆಯಲ್ಲಿ ಅದೇ ಹೆಚ್ಚು, ಸಹಿ ಹಾಕುವವರಿಗೆ ಆ ಅಧಿಕಾರವಿದೆಯೆಂಬ ನಿರ್ಣಯದ ಪ್ರತಿಯನ್ನು ಕೇಳಿ ಪಡೆಯಿರಿ. ವಿಮೆಯನ್ನು 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಬೇಕು. ಪರಿಹಾರ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ, ಎಂದರೆ ನೋ ಕ್ಲೇಮ್ ಬೋನಸ್ ಹಿಂದಿನ ಮಾಲೀಕರದ್ದು, ಕಾರಿನದ್ದಲ್ಲ, ಆದ್ದರಿಂದ ಪ್ರೀಮಿಯಂ ಏರುತ್ತದೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವಚವನ್ನು ಬಿಡಬೇಡಿ.

ತಂದ ಮೇಲೆ

ವಾರಕ್ಕೆ ಐದು ದಿನ ನಿಲ್ಲುವ ಕಾರಿಗೆ ಮೊದಲ ಶತ್ರು ಬ್ಯಾಟರಿ ಇಳಿಯುವುದು. ಇಂಥ ಕಾರುಗಳ ಹತ್ತಾರು ಘಟಕಗಳು ನಿಂತಾಗಲೂ ಅಷ್ಟಿಷ್ಟು ವಿದ್ಯುತ್ ಸೇವಿಸುತ್ತವೆ. ವೋಲ್ಟೇಜ್ ಕುಗ್ಗಿದರೆ ಏನೇನೋ ದೋಷದ ದೀಪಗಳು ಹೊತ್ತಿಕೊಂಡು, ಇಲ್ಲದ ರೋಗಕ್ಕೆ ಔಷಧಿ ಮಾಡಿಸುವಂತಾಗುತ್ತದೆ. ಈ ಕಾರುಗಳಲ್ಲಿರುವ ಎಜಿಎಂ ಬಗೆಯ ಬ್ಯಾಟರಿಗೆ ಹೊಂದುವ ಮೇಂಟೇನರ್ (ಬ್ಯಾಟರಿ ಇಳಿಯದಂತೆ ಕಾಯುವ ಚಾರ್ಜರ್) ಒಂದನ್ನು ಕೊಂಡು, ನಿಂತ ದಿನಗಳಲ್ಲಿ ಜೋಡಿಸಿಡಿ. ಹೊಸ ಬ್ಯಾಟರಿ ಹಾಕಿಸಿದಾಗ ಬಿಎಂಡಬ್ಲ್ಯುನಲ್ಲಿ ಅದನ್ನು ಕಾರಿನ ಕಂಪ್ಯೂಟರಿಗೆ ನೋಂದಾಯಿಸಬೇಕೆಂಬುದನ್ನು ಮರೆಯದಿರಿ. ಗಿಡಮರಗಳ ಧಾರವಾಡದ ಅಂಗಳಗಳಲ್ಲಿ ಇಲಿ, ಹೆಗ್ಗಣಗಳ ಕಾಟವೂ ಇದೆ. ವಾರಕ್ಕೊಮ್ಮೆ ಬಾನೆಟ್ ತೆರೆದು ನೋಡುವ ಅಭ್ಯಾಸವಿರಲಿ, ಬೆಲ್ಟಿನ ಬಳಿ ಹುಲ್ಲುಕಡ್ಡಿ, ಹಿಕ್ಕೆ ಕಂಡರೆ ತಡಮಾಡಬೇಡಿ. ಬೇಸಿಗೆಯ ಕೆಂಪು ಧೂಳಿಗೆ ಏರ್ ಫಿಲ್ಟರ್, ಎಸಿಯ ಕ್ಯಾಬಿನ್ ಫಿಲ್ಟರ್ ಎರಡನ್ನೂ ಕೈಪಿಡಿ ಹೇಳುವ ಅವಧಿಯ ಅರ್ಧಕ್ಕೇ ಬದಲಿಸುವುದು ವಾಸಿ.

ಮೊದಲ ದೂರಪ್ರಯಾಣವನ್ನು ಘಟ್ಟದ ಕಡೆಗೆ ಮಾಡಬೇಡಿ. ಮನೆಯವರನ್ನು ಕೂರಿಸದೆ, ಭಾನುವಾರ ನಸುಕಿನಲ್ಲಿ ಗದಗಿನ ದಾರಿ ಹಿಡಿದು ಲಕ್ಕುಂಡಿಯವರೆಗೆ ಹೋಗಿ, ಎರಡು ತಾಸು ಕಾರನ್ನು ನಿಲ್ಲಿಸಿ ಗುಡಿಗಳನ್ನು ನೋಡಿಕೊಂಡು ಬಂದು, ಹೊರಡುವ ಮುನ್ನ ನಾಲ್ಕೂ ಚಕ್ರಗಳ ಎತ್ತರವನ್ನೂ ಕಾರಿನಡಿಯ ನೆಲದಲ್ಲಿ ಆಯಿಲಿನ ಹನಿಯಿದೆಯೇ ಎಂಬುದನ್ನೂ ನೋಡಿ. ಮನೆಗೆ ಮರಳಿದ ಮೇಲೆ ಇನ್ನೊಮ್ಮೆ ನೋಡಿ. ಎರಡು ಸಲವೂ ಎಲ್ಲ ಸರಿಯಿದ್ದರೆ ಮುಂದಿನ ಶನಿವಾರ ಅವ್ವನನ್ನೂ ಮಕ್ಕಳನ್ನೂ ಕರೆದುಕೊಂಡು ಹೊರಡಬಹುದು.